ಶಾಂತಲಾ, ಶಾಂತಲೆ, ಶಾಂತಮ್ಮ

(ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಸಭೆಯಲ್ಲಿರುವ ಹಿರಿಯರಿಗೂ ಕಿರಿಯರಿಗೂ ನಮಸ್ಕಾರ.

ಶಾಂತಲಾ ಎಂಬ ಹೆಸರಿಗೆ ಅರ್ಥವೇನೆಂದು ಮಕ್ಕಳ ಹೆಸರುಗಳ ಪುಸ್ತಕ ತೆರೆದರೆ ಸಿಗುವ ಉತ್ತರ ‘ಶಾಂತ ಸ್ವಭಾವದವಳು’. ಕೆಲವು ಪುಸ್ತಕಗಳು ಅಷ್ಟಕ್ಕೆ ತೃಪ್ತಿಪಡದೆ ‘ಪಾರ್ವತಿ’ ಎಂದೂ ಸೇರಿಸುತ್ತವೆ. ಹೆಣ್ಣುಮಗುವಿನ ಹೆಸರಿಗೆ ಅರ್ಥ ಹೊಳೆಯದಿದ್ದಾಗ ಪಾರ್ವತಿಯೋ ಲಕ್ಷ್ಮಿಯೋ ನೆರವಿಗೆ ಬರುವುದು ಆ ಪುಸ್ತಕಗಳ ಹಳೆಯ ಪದ್ಧತಿ. ಶಾಂತ ಎಂಬ ಎರಡು ಅಕ್ಷರದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕೊನೆಯಲ್ಲಿರುವ ಆ ‘ಲಾ’ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಈ ಸಂಜೆ ನನ್ನ ಆಸಕ್ತಿಯೆಲ್ಲ ಆ ಒಂದು ಅಕ್ಷರದ ಮೇಲೆಯೇ. ಅದು ಕನ್ನಡದ ಮನೆಮಾತಿನಿಂದ ಬಂದದ್ದು, ಶಾಂತಲಾ ಎಂಬುದು ಶಾಂತಮ್ಮ, ಶಾಂತವ್ವ, ಶಾಂತಕ್ಕ ಎಂಬ ಹೆಸರುಗಳ ಒಡಹುಟ್ಟು ಎಂಬುದು ನನ್ನ ವಾದ. ಶಾಂತಮ್ಮ ಎಂದರೆ ಹಳೆಯ ಕಾಲದ್ದು, ಶಾಂತಲಾ ಎಂದರೆ ಸೊಗಸಿನದು ಎಂದುಕೊಳ್ಳುವವರಿಗೆ ಇದು ಸ್ವಲ್ಪ ಇರಿಸುಮುರಿಸಾಗಬಹುದು.

ಮೊದಲು ಹೆಸರಿನ ಒಡತಿಯ ವಿಚಾರ. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಾದೇವಿ ಶಾಂತಲದೇವಿ ಹನ್ನೆರಡನೆಯ ಶತಮಾನದವಳು. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು, ಗಂಡ ವೈಷ್ಣವ ದೇವಾಲಯಗಳಿಂದ ಹೆಸರಾದವನು. ಆಕೆ ಮಾತ್ರ ಕೊನೆಯವರೆಗೂ ತಾಯಿಯ ಧರ್ಮದಲ್ಲಿಯೇ ಉಳಿದಳು. 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನ, ಅಂದರೆ ಈಗ ನಾವು ಚೆನ್ನಕೇಶವ ಎನ್ನುವ ದೇವರ, ಪ್ರತಿಷ್ಠೆಯಾದಾಗ ಅದೇ ಪ್ರಾಕಾರದೊಳಗೆ ಈಗ ಕಪ್ಪೆ ಚನ್ನಿಗರಾಯ ಎನ್ನುವ ಗುಡಿಯನ್ನು ಕಟ್ಟಿಸಿದವಳು ಇವಳೇ. 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಬಸದಿಯೊಂದನ್ನು ಕಟ್ಟಿಸಿ ಶಾಂತಿನಾಥ ತೀರ್ಥಂಕರನನ್ನು ನಿಲ್ಲಿಸಿದಳು. ಇಪ್ಪತ್ತನಾಲ್ಕು ತೀರ್ಥಂಕರರಲ್ಲಿ ತನ್ನ ಹೆಸರಿಗೆ ಹೊಂದುವವನನ್ನೇ ಆರಿಸಿಕೊಂಡದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ಆ ಬಸದಿಯ ಹೆಸರು ನಿಮಗೆ ಗೊತ್ತಿದೆ: ಸವತಿಗಂಧವಾರಣ ಬಸದಿ. ಗಂಧವಾರಣ ಎಂದರೆ ಮದವೇರಿದ ಆನೆ. ‘ಉದ್ವೃತ್ತ ಸವತಿ ಗಂಧವಾರಣ’ ಎಂಬುದು ರಾಣಿಯ ಬಿರುದು. ಸೊಕ್ಕಿದ ಸವತಿಯರ ಪಾಲಿಗೆ ಮದದಾನೆ. ಹೆಸರಿನ ಪುಸ್ತಕದ ‘ಶಾಂತ ಸ್ವಭಾವದವಳು’ ಎಂಬ ಮಾತನ್ನು ಈ ಬಸದಿಯ ಬಾಗಿಲಲ್ಲಿ ನಿಂತು ಓದಬೇಕು. ಅದೇ ಶಾಸನಗಳಲ್ಲಿ ಆಕೆಗೆ ‘ಅಭಿನವ ರುಕ್ಮಿಣಿ’ ಎಂಬ ಬಿರುದೂ ಇದೆ, ‘ಪತಿಹಿತ ಸತ್ಯಭಾಮೆ’ ಎಂಬ ಬಿರುದೂ ಇದೆ. ಕೃಷ್ಣನ ಇಬ್ಬರು ಹೆಂಡತಿಯರ ಜಾಗವನ್ನು ಒಬ್ಬಳೇ ತುಂಬಿದ ಮೇಲೆ ಮೂರನೆಯವರಿಗೆ ಉಳಿಯುವುದು ಆನೆಯ ಕಾಲೇ! ‘ವಿವೇಕೈಕ ಬೃಹಸ್ಪತಿ’, ‘ಪ್ರತ್ಯುತ್ಪನ್ನ ವಾಚಸ್ಪತಿ’ ಎಂಬ ಬಿರುದುಗಳೂ ಇವೆ. ಎರಡನೆಯದಕ್ಕೆ ಈಗಿನ ಮಾತಿನಲ್ಲಿ, ಕೇಳಿದ ಕ್ಷಣಕ್ಕೆ ಉತ್ತರ ಕೊಡಬಲ್ಲವಳು ಎನ್ನಬಹುದು. ಬುದ್ಧಿ, ಮಾತು, ಸಂಗೀತ, ನೃತ್ಯ, ಧರ್ಮನಿಷ್ಠೆ ಎಲ್ಲವನ್ನೂ ಹೊಗಳಿರುವ ಕವಿಗಳ ಕಣ್ಣಲ್ಲಿ ಇವಳು ಮೂಲೆಯಲ್ಲಿ ತಣ್ಣಗೆ ಕುಳಿತವಳಲ್ಲ.

ಈಗ ಆಕೆಯ ಮನೆಯವರ ಹೆಸರುಗಳನ್ನು ಸಾಲಾಗಿ ಹೇಳುತ್ತೇನೆ, ಕಿವಿಗೊಟ್ಟು ಕೇಳಿ. ಅತ್ತೆ, ಅಂದರೆ ವಿಷ್ಣುವರ್ಧನನ ತಾಯಿ, ಏಚಲದೇವಿ. ಸವತಿಯರು ಬಮ್ಮಲದೇವಿ, ರಾಜಲದೇವಿ. ವಿಷ್ಣುವರ್ಧನನ ಮಗ ನರಸಿಂಹನ ರಾಣಿ ಮತ್ತೊಬ್ಬ ಏಚಲದೇವಿ. ಮೊಮ್ಮಗ ಇಮ್ಮಡಿ ಬಲ್ಲಾಳನ ರಾಣಿಯರಲ್ಲಿ ಪದ್ಮಲದೇವಿ, ಕೇತಲದೇವಿ. ಅದೇ ಕಾಲದ ಕಲ್ಯಾಣದ ಚಾಲುಕ್ಯರ ಅರಮನೆಗೆ ಹೋದರೆ ಆರನೆಯ ವಿಕ್ರಮಾದಿತ್ಯನ ರಾಣಿ ಚಂದಲದೇವಿ. ಶಾಂತಲದೇವಿ ಎಂಬುದನ್ನು ಒಂಟಿಯಾಗಿ ಇಟ್ಟು ನೋಡಿದರೆ ಸಂಸ್ಕೃತದ ಹೆಸರಿನಂತೆ ಕಾಣುತ್ತದೆ. ಈ ಸಾಲಿನಲ್ಲಿ ಇಟ್ಟು ನೋಡಿದಾಗ ಅದರ ಕುಲ ತಿಳಿಯುತ್ತದೆ.

ಈ ಹೆಸರುಗಳ ಕೊನೆಯ ‘ಲ’ವನ್ನು ಕಳಚಿದರೆ ಉಳಿಯುವುದು ಏಚ, ಬಮ್ಮ, ಕೇತ, ಚಂದ, ರಾಜ. ಇವೆಲ್ಲ ಆ ಕಾಲದ ಗಂಡಸರ ಹೆಸರುಗಳೂ ಹೌದು. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ತಂದೆಯ ಹೆಸರು ಏಚ. ಹಳೇಬೀಡಿನ ದೇವಾಲಯ ಕಟ್ಟಿಸಿದವನು ಕೇತಮಲ್ಲ. ಅರಮನೆಯೇಕೆ, ಕಲ್ಯಾಣದ ಶರಣರ ಬೀದಿಗೆ ಬಂದರೂ ಮೇದಾರ ಕೇತಯ್ಯ, ಕಿನ್ನರಿ ಬೊಮ್ಮಯ್ಯ ಸಿಗುತ್ತಾರೆ. ಬಮ್ಮ, ಬೊಮ್ಮ ಎಂದರೆ ಬ್ರಹ್ಮನೇ. ಸಂಸ್ಕೃತದ ಹೆಸರು ಕನ್ನಡದ ಬಾಯಲ್ಲಿ ಮೆತ್ತಗಾಗಿ ಬಮ್ಮ ಆಯಿತು. ಗಂಡಾದರೆ ಬಮ್ಮಯ್ಯ, ಹೆಣ್ಣಾದರೆ ಬಮ್ಮಲೆ, ಬಮ್ಮವ್ವೆ. ಹೆಸರಿನ ಬುಡ ಒಂದು, ಅದಕ್ಕೆ ಗಂಡಿನ ತುದಿ ಬೇರೆ, ಹೆಣ್ಣಿನ ತುದಿ ಬೇರೆ.

ಇಲ್ಲಿ ಸಂಸ್ಕೃತ ಬಲ್ಲವರೊಬ್ಬರು ಎದ್ದು ನಿಲ್ಲಬಹುದು. ಸಂಸ್ಕೃತದಲ್ಲಿಯೂ ‘ಲ’ ಎಂಬ ಪ್ರತ್ಯಯವಿದೆಯಲ್ಲ, ವತ್ಸದಿಂದ ವತ್ಸಲ, ಮಾಂಸದಿಂದ ಮಾಂಸಲ ಆದ ಹಾಗೆ ಶಾಂತದಿಂದ ಶಾಂತಲ ಏಕಾಗಬಾರದು ಎಂದು ಕೇಳಬಹುದು. ಆ ಒಂದು ಹೆಸರಿಗಷ್ಟೇ ಉತ್ತರ ಬೇಕಿದ್ದರೆ ಅವರ ಮಾತು ನಿಲ್ಲುತ್ತದೆ. ಆದರೆ ಬಮ್ಮಲೆ, ಕೇತಲೆ, ಏಚಲೆಗಳಿಗೆ ಆ ಸೂತ್ರ ಹೊಂದುವುದಿಲ್ಲ. ಒಂದೇ ಮನೆಯ ಅತ್ತೆ ಸವತಿಯರ ಹೆಸರುಗಳೆಲ್ಲ ಕನ್ನಡದ ಪದ್ಧತಿಯಲ್ಲಿ ಹುಟ್ಟಿ, ನಡುವೆ ಕೂತ ಇವಳ ಹೆಸರು ಮಾತ್ರ ಪಾಣಿನಿಯ ಮನೆಯಿಂದ ಬಂತು ಎನ್ನುವುದಕ್ಕೆ ಕಾರಣ ಬೇಕು.

ಇನ್ನೂ ಬಲವಾದ ಸಾಕ್ಷಿ ಇರುವುದು ಒಬ್ಬಳೇ ಹೆಂಗಸಿಗೆ ಎರಡು ಮೂರು ರೂಪದ ಹೆಸರು ಕೊಡುವ ಶಾಸನಗಳಲ್ಲಿ. ಶ್ರವಣಬೆಳಗೊಳದ ಊರೊಳಗೆ ಅಕ್ಕನ ಬಸದಿ ಇದೆ. ಬೆಟ್ಟ ಹತ್ತಿಳಿದು ದಣಿದ ಪ್ರವಾಸಿಗರು ಅದನ್ನು ನೋಡದೆಯೇ ಬಸ್ ಹತ್ತುವುದು ಹೆಚ್ಚು. ಹೊಯ್ಸಳರ ಕಟ್ಟಡ ಶೈಲಿಯನ್ನು ಆ ಊರಿನಲ್ಲಿ ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು. ಅದನ್ನು 1181ರಲ್ಲಿ ಕಟ್ಟಿಸಿದವಳು ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ. ಶಾಸನದಲ್ಲಿ ಅವಳು ಆಚಲದೇವಿ. ಅದೇ ಹೆಂಗಸು ಆಚಿಯಕ್ಕ ಕೂಡ ಹೌದು. ಬಸದಿಗೆ ಅಕ್ಕನ ಬಸದಿ ಎಂಬ ಹೆಸರು ಉಳಿದದ್ದೇ ಈ ಆಚಿಯಕ್ಕನಿಂದ. ಶ್ಲೋಕಕ್ಕೂ ವೃತ್ತಕ್ಕೂ ಹೊಂದಿಸಬೇಕಾದಾಗ ಅವಳು ಆಚಾಂಬೆ. ಆಚಲೆ, ಆಚಿಯಕ್ಕ, ಆಚಾಂಬೆ: ಬುಡ ಒಂದೇ, ಸಂದರ್ಭಕ್ಕೆ ತಕ್ಕ ಹಾಗೆ ತುದಿ ಬದಲಾಗಿದೆ. ಮಂತ್ರಿಯ ಹೆಂಡತಿಯನ್ನು ಬೀದಿಯವರು ಅಕ್ಕ ಎಂದು ಕರೆದರು, ದಾನಶಾಸನ ಬರೆದವನು ದೇವಿ ಎಂದ.

ದಂಡನಾಯಕ ಗಂಗರಾಜನ ಹೆಂಡತಿಯ ಕಥೆಯೂ ಇದೇ. ಅವಳು ಲಕ್ಷ್ಮಿ, ಲಕ್ಷ್ಮೀಮತಿ, ಲಕ್ಕಲೆ. ಇದೇ ಶತಮಾನದಲ್ಲಿ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ಮಾರಯ್ಯನ ಹೆಂಡತಿಯ ಹೆಸರೇನು? ಆಯ್ದಕ್ಕಿ ಲಕ್ಕಮ್ಮ. ಹೆಚ್ಚು ಅಕ್ಕಿ ತಂದ ಗಂಡನನ್ನು ಆಸೆ ಏಕೆಂದು ಗದರಿಸಿ ಹಿಂದಕ್ಕೆ ಕಳಿಸಿದವಳು. ಲಕ್ಕಲೆ ದಂಡನಾಯಕನ ಮನೆಯವಳು, ಲಕ್ಕಮ್ಮ ಬಡವರ ಮನೆಯವಳು. ‘ಲಕ್ಕ’ ಎಂಬ ಬುಡ ಇಬ್ಬರದೂ ಒಂದೇ. ಆ ಸಂಬಂಧ ಒಪ್ಪಿದವರು ಶಾಂತಲೆಗೂ ಶಾಂತಮ್ಮನಿಗೂ ಇರುವ ಸಂಬಂಧವನ್ನು ಒಪ್ಪಲೇಬೇಕಾಗುತ್ತದೆ.

ಶಾಂತಲೆಯ ತಾಯಿಯ ಹೆಸರು ಮಾಚಿಕಬ್ಬೆ ಎಂದೆನಲ್ಲ, ಅಲ್ಲಿ ಸ್ವಲ್ಪ ನಿಲ್ಲೋಣ. ಮಾಚ ಎಂಬುದು ಮಡಿವಾಳ ಮಾಚಯ್ಯನಲ್ಲಿರುವ ಅದೇ ಮಾಚ. ಅಬ್ಬೆ ಎಂದರೆ ಹಳಗನ್ನಡದಲ್ಲಿ ತಾಯಿ. ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರಿನಲ್ಲಿ ಇರುವುದೂ ಅದೇ ಅಬ್ಬೆ. ಗಂಗರಾಜನ ತಾಯಿ ಪೋಚಿಕಬ್ಬೆ, ಪೋಚವ್ವೆ. ಹವ್ಯಕರ ಮನೆಗಳಲ್ಲಿ ಈಗಲೂ ತಾಯಿಗೆ ಅಬ್ಬೆ ಎನ್ನುತ್ತಾರೆ. ಧಾರವಾಡದ ಕಡೆಯ ಅವ್ವ ಅದರ ಮಗಳು. ತಾಯಿ ಮಾಚಿಕಬ್ಬೆ, ಮಗಳು ಶಾಂತಲದೇವಿ. ಗಂಗರಾಜನ ಮನೆಯಲ್ಲಿಯೂ ಅತ್ತೆ ಪೋಚಿಕಬ್ಬೆ, ಸೊಸೆ ಲಕ್ಕಲೆ. ಒಂದು ತಲೆಮಾರಿನಲ್ಲಿ ಅಬ್ಬೆ ಹೋಗಿ ಲೆ ಬಂದಂತೆ ಕಾಣುತ್ತದೆ. ಇದನ್ನೇ ನಿಯಮ ಮಾಡಲು ಹೊರಟರೆ ಹಿಂದಿನ ತಲೆಮಾರಿನ ಏಚಲದೇವಿ ಅಡ್ಡ ಬರುತ್ತಾಳೆ. ಆದರೂ ಅಜ್ಜಿ ಪುಟ್ಟಮ್ಮ, ಮಗಳು ನಿರ್ಮಲಾ, ಮೊಮ್ಮಗಳು ಆದ್ಯಾ ಎಂಬ ನಮ್ಮ ಮನೆಗಳ ಸಾಲನ್ನು ಕಂಡವರಿಗೆ ಹನ್ನೆರಡನೆಯ ಶತಮಾನದ ಈ ಎರಡು ಮನೆಗಳು ಅಪರಿಚಿತವೆನ್ನಿಸಲಾರವು.

‘ಲೆ’ ಎಂಬ ಈ ತುದಿ ಹೊಯ್ಸಳರ ಜೊತೆಗೇ ಮುಗಿಯಲಿಲ್ಲ. ಕೃಷ್ಣದೇವರಾಯನ ತಾಯಿ ನಾಗಲಾದೇವಿ. ಇಂದಿನ ಹೊಸಪೇಟೆಗೆ ಆಗ ಇದ್ದ ನಾಗಲಾಪುರ ಎಂಬ ಹೆಸರು ಆಕೆಯಿಂದ ಬಂದದ್ದು. ಕಾವ್ಯದ ಮಾತಿನಲ್ಲಿ ಆಕೆ ನಾಗಲಾಂಬಿಕೆ. ಮನೆಯ ಹೆಸರಿಗೆ ಅಂಬಿಕೆಯನ್ನು ಸೇರಿಸಿ ದೊಡ್ಡದು ಮಾಡುವ ಚಾಳಿ ಆಗಲೂ ಇತ್ತು. ಆಮೇಲೆ ‘ಲೆ’ ಸೊರಗಿತು. ಅಮ್ಮ, ಅವ್ವ, ಅಕ್ಕ ಉಳಿದವು. ನಾಗಲೆ ಹೋದಳು, ನಾಗಮ್ಮ ನಾಗವ್ವರು ಊರೂರಿನಲ್ಲಿ ಇದ್ದಾರೆ. ಕೇತಲೆ, ಬಮ್ಮಲೆ, ಏಚಲೆ ಎಂದು ಈಗ ಯಾರೂ ಮಗುವಿಗೆ ಹೆಸರಿಡುವುದಿಲ್ಲ. ಆ ಇಡೀ ಬಳಗದಲ್ಲಿ ಒಬ್ಬಳು ಮಾತ್ರ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಎದ್ದು ಬಂದಳು. ಯಾಕೆ ಇವಳೇ?

ಮೊದಲ ಕಾರಣ ಕಲ್ಲು. ಹಳೇಬೀಡಿನ ದೊಡ್ಡ ದೇವಾಲಯದಲ್ಲಿ ಎರಡು ಗರ್ಭಗುಡಿಗಳಿವೆ. ತೆಂಕಣದ್ದು ಹೊಯ್ಸಳೇಶ್ವರ, ಬಡಗಣದ್ದು ಶಾಂತಲೇಶ್ವರ. ಲಿಂಗಕ್ಕೆ ವ್ಯಕ್ತಿಯ ಹೆಸರಿಡುವುದು ಆಗಿನ ಶೈವ ಪದ್ಧತಿ. ಹೀಗಾಗಿ ಜೈನ ರಾಣಿಯೊಬ್ಬಳ ಹೆಸರು ಶಿವಲಿಂಗದ ಜೊತೆ ಸೇರಿ ಎಂಟುನೂರು ವರ್ಷ ಪೂಜಾರಿಗಳ ಬಾಯಲ್ಲಿ ಉಳಿಯಿತು. ಹಾಸನದ ಹತ್ತಿರದ ಶಾಂತಿಗ್ರಾಮಕ್ಕೂ ಹೆಸರು ಬಂದದ್ದು ಆಕೆಯಿಂದಲೇ ಎನ್ನುತ್ತಾರೆ. ಎರಡನೆಯ ಕಾರಣ ಅಚ್ಚು. ಬಿ.ಎಲ್. ರೈಸ್ 1889ರಲ್ಲಿ ಶ್ರವಣಬೆಳಗೊಳದ ಶಾಸನಗಳ ಸಂಪುಟ ಹೊರತಂದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿ ದೊಡ್ಡದಾಗಿ ಪ್ರಕಟಿಸಿದರು. ಬೆಟ್ಟದ ಮೇಲಿದ್ದ ರಾಣಿ ಓದುವ ಮೇಜಿಗೆ ಇಳಿದದ್ದು ಆಗ. ಅಲ್ಲಿಂದ ಕಾದಂಬರಿಕಾರರು ಎತ್ತಿಕೊಂಡರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ದೇಹದಾರ್ಢ್ಯಕ್ಕೆ ಹೆಸರಾಗಿದ್ದ ಕೆ.ವಿ. ಅಯ್ಯರ್ ಅವರು ‘ಶಾಂತಲಾ’ ಎಂಬ ಕಾದಂಬರಿ ಬರೆದರು. ಆಮೇಲೆ ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ ಬಂತು. ಅದಕ್ಕೆ 1983ರ ಮೂರ್ತಿದೇವಿ ಪ್ರಶಸ್ತಿ ಸಿಕ್ಕಿತು. ಇಬ್ಬರೂ ಕೊಟ್ಟ ಶೀರ್ಷಿಕೆಗಳನ್ನು ಪಕ್ಕಪಕ್ಕದಲ್ಲಿ ನೋಡಿ. ನಾಗರಾಜರಾಯರು ಶಾಸನದ ರೂಪವನ್ನು ಹಿಡಿದರು. ಜನ ಮಕ್ಕಳಿಗೆ ಇಟ್ಟದ್ದು ಮಾತ್ರ ಅಯ್ಯರ್ ಅವರ ದೀರ್ಘದ ಶಾಂತಲಾ.

ಮೂರನೆಯ ಕಾರಣವೇ ನನಗೆ ಮುಖ್ಯವೆನ್ನಿಸುವುದು, ಅದು ಕಿವಿಯದ್ದು. ಇಪ್ಪತ್ತನೆಯ ಶತಮಾನದ ನಡುವಿನ ದಶಕಗಳಲ್ಲಿ ಓದುಬರಹ ಕಲಿತ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಯಾವ ಹೆಸರು ಇಡುತ್ತಿದ್ದರು? ನಿರ್ಮಲಾ, ವಿಮಲಾ, ಕಮಲಾ, ಕೋಮಲಾ, ಶ್ಯಾಮಲಾ, ವತ್ಸಲಾ, ಶಕುಂತಲಾ, ಮಂಗಳಾ. ಶಾಲೆಯ ಹಾಜರಿ ಪುಸ್ತಕದ ಒಂದು ಪುಟ ಪೂರ್ತಿ ‘ಲಾ’ದಲ್ಲಿಯೇ ಮುಗಿಯುತ್ತಿತ್ತು. ಶಾಂತಲಾ ಆ ಬೆಂಚಿನಲ್ಲಿ ತಾನಾಗಿ ಹೋಗಿ ಕುಳಿತಳು. ಏಚಲಾ ಎಂದರೆ ಕೇಳುವವರು ನಗುತ್ತಿದ್ದರು, ಕೇತಲಾ ಎಂದರೆ ಮುಖ ಮುಖ ನೋಡುತ್ತಿದ್ದರು. ಶಾಂತಲಾ ಎಂದರೆ ಯಾವ ಪ್ರಶ್ನೆಯೂ ಇಲ್ಲ. ಅರ್ಥವೂ ಕೈಗೆಟುಕಿದಂತೆ, ಇತಿಹಾಸದ ಹೆಮ್ಮೆಯೂ ಸೇರಿದಂತೆ. ಕನ್ನಡದ ತುದಿಯೊಂದು ಸಂಸ್ಕೃತದ ತುದಿಯ ಹಾಗೆ ಕೇಳಿಸಿದ್ದರಿಂದ ಬದುಕಿತು. ಕನ್ನಡಾಭಿಮಾನಿಗಳು ಇದಕ್ಕೆ ಸಂತೋಷಪಡಬೇಕೋ ಬೇಸರಿಸಬೇಕೋ, ನಿಮಗೇ ಬಿಡುತ್ತೇನೆ.

1956ರಲ್ಲಿ ಕನ್ನಡನಾಡು ಒಂದಾದ ಮೇಲೆ ನಮಗೆ ಇತಿಹಾಸದ ವೀರರು ಬೇಕಾದರು, ಪುಲಕೇಶಿ, ಮಯೂರ, ವಿಷ್ಣುವರ್ಧನರ ಹೆಸರು ಎಲ್ಲೆಡೆ ಬಂತು. ಹೆಣ್ಣುಮಕ್ಕಳ ಸಾಲಿನಲ್ಲಿ ಚೆನ್ನಮ್ಮ, ಓಬವ್ವ ಯುದ್ಧಕ್ಕೆ ಸಂದವರು. ಕಲೆಗೆ ಒಬ್ಬಳು ಬೇಕಿತ್ತು, ಅಲ್ಲಿ ಶಾಂತಲೆ ನಿಂತಳು. ಬೆಂಗಳೂರಿನ ನಡುವೆ ಶಾಂತಲಾ ನಗರ, ಮೈಸೂರಿನಲ್ಲಿ ಬಹುಕಾಲ ನಡೆದು ಮುಚ್ಚಿದ ಶಾಂತಲಾ ಚಿತ್ರಮಂದಿರ, ನೃತ್ಯ ಕಲಾವಿದರಿಗೆ ರಾಜ್ಯ ಸರ್ಕಾರ ಕೊಡುವ ‘ಶಾಂತಲಾ ನಾಟ್ಯಶ್ರೀ’ ಪ್ರಶಸ್ತಿ. ಅಂಗಡಿ, ವಸತಿಗೃಹ, ಭರತನಾಟ್ಯದ ಶಾಲೆಗಳ ಫಲಕಗಳನ್ನು ಎಣಿಸುವ ಕೆಲಸಕ್ಕೆ ನಾನು ಇಳಿಯುವುದಿಲ್ಲ.

ಬೇಲೂರಿನ ಮಾರ್ಗದರ್ಶಿಗಳು ಕನ್ನಡಿ ಹಿಡಿದ ದರ್ಪಣಸುಂದರಿಯನ್ನು ತೋರಿಸಿ, ಇವಳೇ ಶಾಂತಲೆ ಎನ್ನುತ್ತಾರೆ. ಗುಡಿಯ ಹೊರಗೆ ಮೂವತ್ತೆಂಟು, ಒಳಗೆ ನಾಲ್ಕು ಮದನಿಕೆಯರಿದ್ದಾರೆ. ಅವುಗಳ ಕೆಳಗೆ ಬರಹಗಳೂ ಇವೆ. ಆ ಬರಹಗಳಲ್ಲಿ ಇರುವುದು ಕೆತ್ತಿದವರ ಹೆಸರು: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹೀಗೆ. ಯಾರನ್ನು ನೋಡಿ ಕೆತ್ತಿದರು ಎಂದು ಯಾವ ಶಿಲ್ಪಿಯೂ ಬರೆದಿಲ್ಲ. ಕಲ್ಲುಕುಟಿಗರು ತಮ್ಮ ಹೆಸರನ್ನೂ ಊರನ್ನೂ ಬಿರುದುಗಳನ್ನೂ ಇಷ್ಟು ಹೆಮ್ಮೆಯಿಂದ ಕೊರೆದಿಟ್ಟ ಗುಡಿಗಳು ಹೆಚ್ಚಿಲ್ಲ. ಅವರ ಹೆಸರುಗಳನ್ನು ಹೇಳದೆ ಕನ್ನಡಿಯಲ್ಲಿ ರಾಣಿಯನ್ನು ಹುಡುಕುವುದು ದಾಸೋಜನಿಗೆ ಮಾಡುವ ಅನ್ಯಾಯ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲಾದರೂ ಈ ವಿವರಣೆ ತಿದ್ದಿಕೊಂಡರೆ ಒಳ್ಳೆಯದು.

ಈಗ ನಾಡಿನಾಚೆ, ಕಡಲಿನಾಚೆ ಹೋಗೋಣ. ಈ ಹೆಸರಿನ ಕಥೆಯಲ್ಲಿ ನನಗೆ ಅತ್ಯಂತ ವಿಚಿತ್ರವಾಗಿ ಕಾಣುವ ಭಾಗ ಇದು. ಬ್ರೆಜಿಲ್ ದೇಶದಲ್ಲಿ ಹಸುಗೂಸಿನ ತಾಯಿಯ ಬಳಿ ಶಾಂತಲಾ ಎಂದರೆ ಅವಳಿಗೆ ರಾಣಿ ನೆನಪಾಗುವುದಿಲ್ಲ, ಎಣ್ಣೆಯ ಬಟ್ಟಲು ನೆನಪಾಗುತ್ತದೆ. ಅಲ್ಲಿ ಶಾಂತಲಾ ಎಂದರೆ ಮಗುವಿಗೆ ಎಣ್ಣೆ ಹಚ್ಚಿ ಮೈ ನೀವುವ ವಿಧಾನ. ಅಂಕಿತನಾಮವಲ್ಲ, ರೂಢನಾಮ, ಪೋರ್ಚುಗೀಸ್ ಭಾಷೆಯಲ್ಲಿ ಸ್ತ್ರೀಲಿಂಗದ ಸಾಮಾನ್ಯ ಪದ. 2017ರಲ್ಲಿ ಆ ದೇಶದ ಸರ್ಕಾರಿ ಆರೋಗ್ಯ ವ್ಯವಸ್ಥೆ ತನ್ನ ಪೂರಕ ಚಿಕಿತ್ಸೆಗಳ ಪಟ್ಟಿಗೆ ಆಯುರ್ವೇದ, ಯೋಗಗಳ ಜೊತೆಗೆ ಶಾಂತಲಾವನ್ನೂ ಸೇರಿಸಿತು.

ಇದು ಅಲ್ಲಿಗೆ ಹೋದದ್ದು ಹೀಗೆ. ಫ್ರೆಡರಿಕ್ ಲೆಬೊಯೆ ಎಂಬ ಫ್ರೆಂಚ್ ಪ್ರಸೂತಿ ವೈದ್ಯರಿದ್ದರು. ಹೆರಿಗೆಯ ಕೋಣೆಯ ಕಣ್ಣುಕುಕ್ಕುವ ಬೆಳಕು, ಗದ್ದಲ, ಕೂಸನ್ನು ತಲೆಕೆಳಗಾಗಿ ಹಿಡಿದು ಬಡಿಯುವ ಪದ್ಧತಿ, ಇವೆಲ್ಲ ಹುಟ್ಟುವ ಮಗುವಿನ ಮೇಲೆ ನಡೆಯುವ ಹಿಂಸೆ ಎಂದು 1974ರಲ್ಲಿ ಪುಸ್ತಕ ಬರೆದು ಗದ್ದಲವೆಬ್ಬಿಸಿದವರು. ಅವರು ಭಾರತಕ್ಕೆ ಬಂದಿದ್ದಾಗ ಕೋಲ್ಕತ್ತದ ಬಡವರ ಕೇರಿಯೊಂದರಲ್ಲಿ ಒಬ್ಬ ತಾಯಿ ನೆಲದ ಮೇಲೆ ಕುಳಿತು, ಕಾಲು ನೀಡಿ, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದುದನ್ನು ಕಂಡರು. ಆಕೆಯ ಹೆಸರು ಶಾಂತಲಾ. ಲೆಬೊಯೆ ಆಕೆಯ ಕೈಗಳ ಒಂದೊಂದು ಚಲನೆಯನ್ನೂ ಚಿತ್ರ ತೆಗೆದು 1976ರಲ್ಲಿ ಪುಸ್ತಕ ಮಾಡಿ, ಅದಕ್ಕೆ ಆಕೆಯ ಹೆಸರನ್ನೇ ಇಟ್ಟರು. ಇಂಗ್ಲಿಷ್ ಅನುವಾದಕ್ಕೆ ಬೇರೆ ಶೀರ್ಷಿಕೆ ಕೊಟ್ಟರು, ಆದ್ದರಿಂದ ಇಂಗ್ಲಿಷಿನಲ್ಲಿ ಓದುವವರಿಗೆ ಈ ಪದ ಅಷ್ಟಾಗಿ ತಿಳಿದಿಲ್ಲ. ಫ್ರೆಂಚ್ ಓದುಗರಿಂದ ಅದು ಬ್ರೆಜಿಲಿಗೆ ಹಾರಿತು.

ಕೋಲ್ಕತ್ತದ ಆ ತಾಯಿಗೂ ಬೇಲೂರಿನ ರಾಣಿಗೂ ಹೆಸರಿನ ಹೋಲಿಕೆಯ ಹೊರತು ಸಂಬಂಧ ಕಟ್ಟಲು ನಾನು ಹೋಗುವುದಿಲ್ಲ. ಆದರೆ ಆಕೆ ಕುಳಿತ ಭಂಗಿ ನಮ್ಮವರಿಗೆ ಹೊಸದಲ್ಲ. ಬಾಣಂತನ ಮಾಡುವ ಅಜ್ಜಿಯರು ಬಚ್ಚಲಲ್ಲಿ ಮಣೆ ಹಾಕಿಕೊಂಡು, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿ, ನೀಡಿದ ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿ ಎಣ್ಣೆ ಹಚ್ಚಿ ಎರೆಯುವುದು ಹೀಗೆಯೇ. ಮೂಗು ತಿದ್ದಿ, ನೆತ್ತಿಗೆ ಎಣ್ಣೆ ತಟ್ಟಿ, ಕೈಕಾಲು ಅಡ್ಡಡ್ಡ ಮಡಿಸಿ ಬಿಟ್ಟು, ಕೊನೆಗೆ ದೃಷ್ಟಿ ತೆಗೆಯುವ ತನಕ ಅವರ ಬಾಯಿ ನಿಲ್ಲುವುದಿಲ್ಲ. ಅವರ ಹೆಸರು ಗೌರಮ್ಮ, ಸಣ್ಣಮ್ಮ, ನಿಂಗವ್ವ. ಲೆಬೊಯೆ ಕೋಲ್ಕತ್ತದ ಬದಲು ಕಡೂರಿನಲ್ಲಿ ಇಳಿದಿದ್ದರೆ ಬ್ರೆಜಿಲಿನ ಆಸ್ಪತ್ರೆಗಳಲ್ಲಿ ಇವತ್ತು ‘ಗೌರಮ್ಮ ಚಿಕಿತ್ಸೆ’ ನಡೆಯುತ್ತಿತ್ತು!

ಇಂದು ನಮ್ಮ ತೊಟ್ಟಿಲುಗಳಲ್ಲಿ ಈ ಹೆಸರು ಅಪರೂಪವಾಗಿದೆ. ನನ್ನ ಪರಿಚಯದ ಶಾಂತಲಾಗಳು ಬ್ಯಾಂಕಿನಿಂದ, ಪ್ರೌಢಶಾಲೆಯಿಂದ ನಿವೃತ್ತರಾದವರು ಅಥವಾ ಆ ಅಂಚಿನಲ್ಲಿರುವವರು. ಶಿಶುವಿಹಾರದ ಹಾಜರಿ ಕರೆಯುವಾಗ ಕೇಳಿಸುವುದು ಆದ್ಯಾ, ಅನ್ವಿ, ದಿಯಾ, ಶಾನ್ವಿ. ಎರಡಕ್ಷರ, ಹೆಚ್ಚೆಂದರೆ ಎರಡೂವರೆ. ದೂರದ ಊರಿನಲ್ಲಿ, ಹೊರದೇಶದಲ್ಲಿ ಕೆಲಸ ಮಾಡುವ ತಂದೆತಾಯಿಗೆ ಹೆಸರು ಎಲ್ಲರ ನಾಲಗೆಯ ಮೇಲೂ ಸುಲಭವಾಗಿ ಹೊರಳಬೇಕು ಎಂಬ ಆಸೆ ಸಹಜ. ಅದರ ಮೇಲೆ ನಕ್ಷತ್ರದ ಪಾದಕ್ಕೆ ಅಕ್ಷರ ಕೂಡಬೇಕು. ಶತಭಿಷಾ ಎರಡನೆಯ ಪಾದಕ್ಕೆ ‘ಸಾ’ ಬಂದರೆ ಅದನ್ನೇ ‘ಶಾ’ ಮಾಡಿಕೊಂಡು ಶಾನ್ವಿಯತ್ತ ಹೋಗುತ್ತಾರೆ. ಶಾಂತಲಾ ಅಲ್ಲಿಯೇ ಪಕ್ಕದಲ್ಲಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಶಾಂತಮ್ಮನ ಮಗಳ ಕಾಲಕ್ಕೆ ಶಾಂತಲಾ ಹೊಸದಾಗಿತ್ತು, ಶಾಂತಲಾಳ ಮಗಳ ಕಾಲಕ್ಕೆ ಅದು ಅತ್ತೆಯರ ಹೆಸರಾಯಿತು.

ಇನ್ನು ಪ್ರಶ್ನೆಗಳು. ಮುಂದಿನ ಸಾಲಿನ ಹಿರಿಯರೊಬ್ಬರು, ‘ಶಿವಗಂಗೆಯ ಬೆಟ್ಟದಿಂದ ಹಾರಿಕೊಂಡವಳ ಹೆಸರನ್ನು ಮಗುವಿಗೆ ಇಡಬಹುದೇ? ನಮ್ಮ ಮನೆಯಲ್ಲಿ ಬೇಡವೆಂದರು’ ಎಂದು ಕೇಳಿದರು. ಶಿವಗಂಗೆಯಲ್ಲಿ ಶಾಂತಲೆ ಹಾರಿದ ಜಾಗವೆಂದು ಈಗಲೂ ಒಂದು ಕೊರಕಲನ್ನು ತೋರಿಸುತ್ತಾರೆ, ನಿಜ. ಶ್ರವಣಬೆಳಗೊಳದ ಶಾಸನದಲ್ಲಿರುವುದು ಇಷ್ಟು: ಶಕವರ್ಷ 1053ರ ಚೈತ್ರ ಶುದ್ಧ ಪಂಚಮಿಯಂದು, ಅಂದರೆ 1131ರಲ್ಲಿ, ಆಕೆ ಶಿವಗಂಗೆಯ ತೀರ್ಥದಲ್ಲಿ ತೀರಿಕೊಂಡಳು. ಹಾರಿದಳು ಎಂಬ ಮಾತು ಅಲ್ಲಿಲ್ಲ. ಆ ಶಾಸನದಲ್ಲಿ ನನ್ನನ್ನು ಕಾಡುವುದು ತಾಯಿ ಮಾಚಿಕಬ್ಬೆಯ ಭಾಗ. ಮಗಳು ಹೋದ ಮೇಲೆ ತಾನಿನ್ನು ಇರಲಾರೆ ಎಂದು ಬೆಳಗೊಳಕ್ಕೆ ಬಂದು, ಸಲ್ಲೇಖನ ಕೈಗೊಂಡು, ಒಂದು ತಿಂಗಳ ಉಪವಾಸದ ನಂತರ ಪ್ರಾಣಬಿಟ್ಟಳು. ಬೆಟ್ಟದ ಕಥೆ ಹೇಳುವವರು ಈ ತಾಯಿಯ ಮಾತನ್ನೇ ಎತ್ತುವುದಿಲ್ಲ. ಹೆಸರಿಡಲು ಯಾವ ಅಡ್ಡಿಯೂ ಇಲ್ಲ ಎಂದು ಹೇಳಿದೆ. ಹಿರಿಯರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ಕಾಲೇಜು ವಿದ್ಯಾರ್ಥಿನಿಯೊಬ್ಬಳು, ‘ಹಾಗಾದರೆ ಸರಿಯಾದ ರೂಪ ಯಾವುದು, ಶಾಂತಲವೋ ಶಾಂತಲೆಯೋ ಶಾಂತಲಾವೋ?’ ಎಂದು ಕೇಳಿದಳು. ಮೂರೂ ಸರಿ. ‘ದೇವಿ’ ಸೇರಿದಾಗ ಶಾಸನದ ಪ್ರಕಾರ ಶಾಂತಲದೇವಿ. ಒಂಟಿಯಾಗಿ ನಿಂತಾಗ ಕನ್ನಡದ ಜಾಯಮಾನಕ್ಕೆ ಶಾಂತಲೆ. ಸೀತಾ ನಮ್ಮಲ್ಲಿ ಸೀತೆ ಆಗುವ ಹಾಗೆ. ಶಾಂತಲೆಗೆ, ಶಾಂತಲೆಯನ್ನು, ಶಾಂತಲೆಯ ಎಂದು ವಿಭಕ್ತಿಗಳು ನೀರಿನ ಹಾಗೆ ಹರಿಯುತ್ತವೆ. ದೀರ್ಘ ಉಳಿಸಿಕೊಂಡರೆ ಶಾಂತಲಾಗೆ ಎನ್ನಬೇಕೋ ಶಾಂತಲಾಳಿಗೆ ಎನ್ನಬೇಕೋ ಎಂಬ ತೊಡಕು. ಪತ್ರಿಕೆಯವರು ‘ಶಾಂತಲಾ ಅವರಿಗೆ’ ಎಂದು ಬರೆದು ಪಾರಾಗುತ್ತಾರೆ. ದಾಖಲೆಗಳಲ್ಲಿ ಶಾಂತಲಾ ಎಂದು ಬರೆಸಿದ್ದರೆ ಅದನ್ನು ಬದಲಿಸುವ ಗೋಜಿಗೆ ಹೋಗಬೇಡಿ ಎಂದೆ. ಇಂಗ್ಲಿಷಿನಲ್ಲಿ ‘ತ’ಕ್ಕೆ ನಾವು ಟಿ ಜೊತೆಗೆ ಎಚ್ ಸೇರಿಸುತ್ತೇವೆ, ಉತ್ತರದವರು ಬರೀ ಟಿ ಬರೆಯುತ್ತಾರೆ. ಪಾಸ್‌ಪೋರ್ಟಿನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಆದರೆ ಎರಡೂ ನಾನೇ ಎಂದು ಪ್ರಮಾಣಪತ್ರ ಮಾಡಿಸಿಕೊಂಡು ಓಡಾಡಬೇಕಾಗುತ್ತದೆ. ಒಂದೇ ಊರಿನ ಶಾಸನಗಳಲ್ಲಿ ಆಚಲದೇವಿಯೂ ಆಚಿಯಕ್ಕನೂ ಆಗಿ ಉಳಿದವಳಿಗೆ ಆ ಕಷ್ಟ ಇರಲಿಲ್ಲ.